ಏಷ್ಯಾದ ದೂರದರ್ಶನ ಧಾರಾವಾಹಿಗಳಲ್ಲಿ ಪ್ರಣಯ ಮತ್ತು ವಾಸ್ತವ

ಕಥೆಯೊಳಗಿನ ಪ್ರಣಯವನ್ನು ಕುರಿತು ಹಿರಿಯರಿಗಿರುವ ಅನುಮಾನ ಇಂದು ನಿನ್ನೆಯದಲ್ಲ. ಕಾದಂಬರಿ ಓದಿದ ಹೆಣ್ಣುಮಗಳು ಕೆಡುತ್ತಾಳೆಂದು ಒಂದು ಕಾಲದಲ್ಲಿ ಆಡಿಕೊಂಡರು. ಆಮೇಲೆ ಆ ಆಪಾದನೆ ಚಲನಚಿತ್ರದ ಪಾಲಿಗೆ ಬಂದಿತು. ಅನಂತರ ದೂರದರ್ಶನಕ್ಕೆ ಸಂದಿತು. ಈಗ ಅಂಗೈಯಲ್ಲಿ ಅಡಗುವ ಮೊಬೈಲಿನ ಸರದಿ. ಕೊರಿಯಾ, ಜಪಾನ್, ಚೀನಾ, ತೈವಾನ್, ಪಾಕಿಸ್ತಾನಗಳ ಧಾರಾವಾಹಿಗಳನ್ನು ಇಂದು ಕರ್ನಾಟಕದ ಸಣ್ಣ ಊರಿನ ವಿದ್ಯಾರ್ಥಿನಿಲಯದಲ್ಲಿರುವ ಹುಡುಗ ಹುಡುಗಿಯರೂ ನೋಡುತ್ತಾರೆ. ಪಾತ್ರಗಳ ಭಾಷೆ ತಿಳಿಯದಿದ್ದರೂ ಪರದೆಯ ಕೆಳಗೆ ಮೂಡುವ ಅಕ್ಷರಗಳನ್ನು ಓದುತ್ತ ನಗುತ್ತಾರೆ, ಅಳುತ್ತಾರೆ, ಮಾರನೆಯ ದಿನ ತರಗತಿಯಲ್ಲಿ ಆಕಳಿಸುತ್ತಾರೆ. ಅಧ್ಯಾಪಕರಿಗೆ ಕಾಣುವುದು ಆಕಳಿಕೆ ಮಾತ್ರ; ಅದರ ಹಿಂದಿನ ಅಳು ನಗು ಕಾಣುವುದಿಲ್ಲ.

ಇಂಥ ಧಾರಾವಾಹಿಗಳನ್ನು ಕುರಿತು ಎರಡು ತೀರ್ಪುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಎಲ್ಲವೂ ಬರಿಯ ಕನಸು, ಬದುಕಿನಲ್ಲಿ ಹೀಗೆಲ್ಲಿ ನಡೆದೀತು ಎಂಬುದು ಒಂದು. ಪ್ರೀತಿಯೆಂದರೆ ಇದೇ, ಹಿರಿಯರಿಗೆ ಅದು ಅರ್ಥವಾಗದು ಎಂಬುದು ಇನ್ನೊಂದು. ಎರಡೂ ಆತುರದ ತೀರ್ಪುಗಳೇ. ಕಥೆಯಲ್ಲಿ ಪ್ರಣಯವಿದೆಯೆಂದ ಮಾತ್ರಕ್ಕೆ ಅದು ಸುಳ್ಳಾಗದು; ಬಡತನವೂ ಕಣ್ಣೀರೂ ಇವೆಯೆಂದ ಮಾತ್ರಕ್ಕೆ ಅದು ದಿಟವೂ ಆಗದು. ಆ ಪ್ರೀತಿಯ ವೆಚ್ಚವನ್ನು ತೆತ್ತವರು ಯಾರು, ಕಥೆ ಅದನ್ನು ಪ್ರೇಕ್ಷಕನ ಕಣ್ಣಿಗೆ ತಂದಿತೆ ಅಥವಾ ಮರೆಮಾಚಿತೆ ಎಂದು ಕೇಳಿದಾಗಲೇ ಒಳ್ಳೆಯ ಧಾರಾವಾಹಿಗೂ ಜೊಳ್ಳಿಗೂ ಇರುವ ಭೇದ ತಿಳಿಯುತ್ತದೆ.

ವಾಸ್ತವದ ಮಾತು ಬಂದಾಗ ಮೊದಲು ನೆನಪಾಗಬೇಕಾದುದು ಜಪಾನಿನ ‘ಓಷಿನ್’. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಇದನ್ನು 1983ರ ಏಪ್ರಿಲ್‌ನಿಂದ 1984ರ ಮಾರ್ಚ್‌ವರೆಗೆ ಬೆಳಗಿನ ಹೊತ್ತು ದಿನಕ್ಕೆ ಹದಿನೈದು ನಿಮಿಷದಂತೆ 297 ಕಂತುಗಳಲ್ಲಿ ಪ್ರಸಾರ ಮಾಡಿತು. ಬರೆದವರು ಸುಗಾಕೊ ಹಷಿದಾ. ಜಪಾನಿನಲ್ಲಿ ಸರಾಸರಿ ಐವತ್ತು ಪ್ರತಿಶತಕ್ಕೂ ಮಿಕ್ಕ ಮನೆಗಳು ಇದನ್ನು ನೋಡಿದುವು. ಮುಂದೆ ಅರವತ್ತಕ್ಕೂ ಹೆಚ್ಚು ದೇಶಗಳಿಗೆ ಇದು ಹೋಯಿತು. ಕಥೆಯ ನಾಯಕಿ ಯಮಗಾತಾ ಪ್ರಾಂತದ ಗೇಣಿ ರೈತನ ಮಗಳು. ಏಳನೆಯ ವಯಸ್ಸಿನಲ್ಲಿ ಒಂದು ಮೂಟೆ ಅಕ್ಕಿಗೆ ಪ್ರತಿಯಾಗಿ ಅವಳನ್ನು ಪರರ ಮನೆಯ ಚಾಕರಿಗೆ ಕಳುಹಿಸುತ್ತಾರೆ. ಹಿಮ ಬಿದ್ದ ನದಿಯಲ್ಲಿ ತೆಪ್ಪದ ಮೇಲೆ ಕುಳಿತು ಆ ಮಗು ತಂದೆತಾಯಿಯನ್ನು ಅಗಲುವ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯಲಾರರು.

ಆದರೆ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಅವಳ ಬಾಲ್ಯವಲ್ಲ, ದಾಂಪತ್ಯ. ಬೆಳೆದ ಓಷಿನ್ ಟೋಕಿಯೋ ಸೇರಿ, ತಲೆಗೂದಲು ಕಟ್ಟುವ ಕಸುಬು ಕಲಿತು, ರ್ಯೂಜೊ ಎಂಬ ವ್ಯಾಪಾರಿಯನ್ನು ಮದುವೆಯಾಗುತ್ತಾಳೆ. ಒಲಿದು ಆದ ಮದುವೆಯೇ ಹೌದು. 1923ರ ಮಹಾಭೂಕಂಪದಲ್ಲಿ ಇಬ್ಬರೂ ಕಟ್ಟಿದ್ದೆಲ್ಲ ನೆಲಕಚ್ಚುತ್ತದೆ. ಗಂಡನ ಹುಟ್ಟೂರಾದ ಸಾಗಾಕ್ಕೆ ಹೋಗಿ ಅತ್ತೆಯ ಆಶ್ರಯದಲ್ಲಿ ನಿಲ್ಲಬೇಕಾದಾಗ ಆ ಒಲವಿನ ಬೆಲೆ ಗೊತ್ತಾಗುತ್ತದೆ. ಅತ್ತೆಯ ಕ್ರೌರ್ಯಕ್ಕಿಂತ ಹೆಚ್ಚು ನೋಯಿಸುವುದು ಗಂಡನ ಮೌನ. ಅವನು ದುಷ್ಟನಲ್ಲ, ಹೆಂಡತಿಯನ್ನು ಪ್ರೀತಿಸದವನೂ ಅಲ್ಲ. ತಾಯಿಯ ಎದುರು ನಿಲ್ಲುವ ಧೈರ್ಯವಿಲ್ಲದವನು, ಅಷ್ಟೆ. ಅಂಥ ಗಂಡಂದಿರನ್ನು ಕಾಣಲು ಜಪಾನಿಗೆ ಹೋಗಬೇಕಾಗಿಲ್ಲ. ಪ್ರೀತಿ ಇದ್ದೂ ಕೈಗೆ ಬಾರದೆ ಹೋಗುವ ಈ ಬಗೆಯನ್ನು ದೂರದರ್ಶನದಲ್ಲಿ ಇಷ್ಟು ಸಾವಧಾನವಾಗಿ ತೋರಿಸಿದ ಇನ್ನೊಂದು ಕಥೆ ಸಿಗುವುದು ಕಷ್ಟ. ಮುಂದೆ ಯುದ್ಧ ಬರುತ್ತದೆ; ಹಿರಿಯ ಮಗ ರಣಭೂಮಿಯಲ್ಲಿ ಸಾಯುತ್ತಾನೆ; ಸೈನ್ಯಕ್ಕೆ ಸರಕು ಒದಗಿಸಿ ಯುವಕರನ್ನು ಯುದ್ಧಕ್ಕೆ ಹುರಿದುಂಬಿಸಿದ್ದ ರ್ಯೂಜೊ 1945ರ ಸೋಲಿನ ಬಳಿಕ ತನ್ನ ಪ್ರಾಣವನ್ನು ತಾನೇ ಕಳೆದುಕೊಳ್ಳುತ್ತಾನೆ. ಗಂಡಹೆಂಡಿರ ಕಥೆಯೊಳಕ್ಕೆ ಇತಿಹಾಸ ಬಾಗಿಲು ತಟ್ಟದೆ ಬರುತ್ತದೆಂಬುದನ್ನು ಹಷಿದಾ ಅರಿತಿದ್ದರು.

ಇಷ್ಟೆಲ್ಲ ಇದ್ದರೂ ‘ಓಷಿನ್’ ಕುರಿತು ಒಂದು ಆಕ್ಷೇಪಕ್ಕೆ ಎಡೆಯುಂಟು. ನೋಡಿದವರಲ್ಲಿ ಅನೇಕರು ಅದರಿಂದ ಪಡೆದುದು ಸಹನೆಯ ಪಾಠವನ್ನು ಮಾತ್ರ. ಮಧುಮೇಹವಿದ್ದೂ ಛಲ ಬಿಡದೆ ಅದೇ 1983ರಲ್ಲಿ ಸುಮೋ ಮಲ್ಲಯುದ್ಧದ ಅತ್ಯುಚ್ಚ ಪದವಿಗೇರಿದ ತಾಕಾನೊಸಾತೊ ಎಂಬ ಜಟ್ಟಿಗೆ ಜನ ‘ಓಷಿನ್ ಯೊಕೊಜುನಾ’ ಎಂದು ಅಡ್ಡಹೆಸರಿಟ್ಟರು. ಓಷಿನ್ ಎಂಬ ಹೆಸರೇ ತಾಳ್ಮೆಗೆ ಪರ್ಯಾಯಪದವಾಯಿತು. ಜಟ್ಟಿಗೆ ಅದು ಭೂಷಣವೇ ಸರಿ. ಆದರೆ ಸಾಗಾದ ಆ ಮನೆಯಿಂದ ಓಷಿನ್ ಕೊನೆಗೆ ಹೊರಟುಹೋದಳೆಂಬುದನ್ನು ಹೊಗಳುವವರು ಅಷ್ಟಾಗಿ ನೆನೆಯುವುದಿಲ್ಲ. ಹೆಣ್ಣಿನ ಸಹನೆಯನ್ನೇ ಪೂಜಿಸಹೊರಟರೆ ಕಷ್ಟವೂ ಒಂದು ಬಗೆಯ ರಮ್ಯ ಕಲ್ಪನೆಯಾಗುತ್ತದೆ. ಅರಮನೆಯ ಕನಸಿಗೆ ಬದಲಾಗಿ ಗುಡಿಸಲಿನ ಕನಸು. ವಾಸ್ತವವಾದಿಗಳೆಂದು ಎದೆತಟ್ಟಿಕೊಳ್ಳುವ ಕಥೆಗಾರರು ಜಾರಿಬೀಳುವುದು ಹೆಚ್ಚಾಗಿ ಈ ತಾಣದಲ್ಲಿಯೆ.

ಇನ್ನೊಂದು ತುದಿಗೆ ಬಂದರೆ ಸಿಗುವುದು ಕೊರಿಯಾದ ‘ವಿಂಟರ್ ಸೊನಾಟಾ’. 2002ರ ಜನವರಿಯಿಂದ ಮಾರ್ಚ್‌ವರೆಗೆ ಇಪ್ಪತ್ತು ಕಂತುಗಳಲ್ಲಿ ಪ್ರಸಾರವಾದ, ಯೂನ್ ಸೊಕ್-ಹೋ ನಿರ್ದೇಶಿಸಿದ ಈ ಕಥೆಯಲ್ಲಿ ವಾಸ್ತವವನ್ನು ದುರ್ಬೀನು ಹಿಡಿದು ಹುಡುಕಬೇಕು. ಚುಂಚೊನ್ ಪಟ್ಟಣದ ಪ್ರೌಢಶಾಲೆಯಲ್ಲಿ ಓದುವ ಹುಡುಗ ಹುಡುಗಿ ಪರಸ್ಪರ ಒಲಿಯುತ್ತಾರೆ. ಹುಡುಗ ಅಪಘಾತದಲ್ಲಿ ಸತ್ತನೆಂಬ ಸುದ್ದಿ ಬರುತ್ತದೆ. ಹತ್ತು ವರ್ಷಗಳ ಬಳಿಕ ಅದೇ ಮುಖದ ವಾಸ್ತುಶಿಲ್ಪಿಯೊಬ್ಬ ಅಮೆರಿಕೆಯಿಂದ ಬರುತ್ತಾನೆ. ಅವನೇ ಇವನು, ನೆನಪು ಮಾತ್ರ ಅಳಿಸಿಹೋಗಿದೆ. ಅಷ್ಟು ಸಾಲದೆಂಬಂತೆ ಇಬ್ಬರೂ ಒಂದೇ ತಂದೆಯ ಮಕ್ಕಳಿರಬಹುದೆಂಬ ಶಂಕೆ, ಕೊನೆಗೆ ನಾಯಕನ ಕುರುಡುತನ. ಕಾಲು ಭಾಗವನ್ನು ನಂಬುವುದೂ ದುಸ್ತರ. ಸುತ್ತಲೂ ಹಿಮ, ಸಾಲುಮರಗಳ ಹಾದಿ, ಪಿಯಾನೋದ ನಾದ.

ಇಂಥ ಕಥೆಯನ್ನು ತಳ್ಳಿಹಾಕುವುದು ಸುಲಭ. ಆದರೆ ಇದು ಸಮುದ್ರ ದಾಟಿ ಜಪಾನಿಗೆ ಹೋದಾಗ ನಡೆದುದನ್ನು ಯಾವ ವಿಮರ್ಶಕನೂ ಮೊದಲೇ ಊಹಿಸಿರಲಾರ. 2003ರಲ್ಲಿ ಎನ್‌ಎಚ್‌ಕೆಯ ಉಪಗ್ರಹ ವಾಹಿನಿಯಲ್ಲಿ ತೋರಿಸಿದ ಇದನ್ನು ಬೇಡಿಕೆ ಹೆಚ್ಚಿದುದರಿಂದ 2004ರಲ್ಲಿ ಮುಖ್ಯ ವಾಹಿನಿಯಲ್ಲಿ ಶನಿವಾರಗಳ ತಡರಾತ್ರಿ ಮತ್ತೆ ಪ್ರಸಾರ ಮಾಡಬೇಕಾಯಿತು. ಅಂಥ ಅವೇಳೆಯಲ್ಲಿಯೂ ಕೊನೆಯ ಕಂತನ್ನು ಟೋಕಿಯೋ ಸುತ್ತಣ ಪ್ರದೇಶದಲ್ಲಿ ಇಪ್ಪತ್ತು ಪ್ರತಿಶತಕ್ಕೂ ಮಿಕ್ಕ ಮನೆಗಳು ನೋಡಿದುವು. ನಾಯಕನಟ ಬೇ ಯೋಂಗ್-ಜುನ್ ಆ ವರ್ಷ ಟೋಕಿಯೋಗೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಸಾವಿರಾರು ಮಂದಿ ಕಾದಿದ್ದರು. ಅವರಲ್ಲಿ ಹದಿಹರೆಯದವರು ವಿರಳ. ಬಹುಪಾಲು ನಲವತ್ತು, ಐವತ್ತು, ಅರವತ್ತರ ಗೃಹಿಣಿಯರು. ಅವರು ಆ ನಟನಿಗೆ ಗೌರವಸೂಚಕ ಪ್ರತ್ಯಯ ಸೇರಿಸಿ ‘ಯೋನ್-ಸಾಮಾ’ ಎಂದು ಕರೆದರು. ಪತ್ರಿಕೆಗಳು ನಕ್ಕುವು, ಗಂಡಂದಿರೂ ನಕ್ಕಿರಬೇಕು.

ನಗುವ ಮೊದಲು ಕ್ಷಣಕಾಲ ಯೋಚಿಸಬೇಕಾಗಿತ್ತು. ಮಕ್ಕಳನ್ನು ಬೆಳೆಸಿ, ಅತ್ತೆಮಾವಂದಿರ ಸೇವೆ ಮಾಡಿ, ಕಚೇರಿಯಿಂದ ನಡುರಾತ್ರಿ ಬರುವ ಗಂಡನಿಗಾಗಿ ಮೂವತ್ತು ವರ್ಷ ಅಡಿಗೆ ಬಿಸಿಯಾಗಿಟ್ಟ ಆ ಸ್ತ್ರೀಯರಿಗೆ ಲೋಕಾನುಭವ ಕಡಮೆಯಿತ್ತೆ? ಸತ್ತವನು ಮರಳುವುದಿಲ್ಲವೆಂದು ಅವರಿಗೆ ತಿಳಿಯದೆ? ಅವರು ಆ ಕಥೆಯಲ್ಲಿ ಕಂಡುದು ಅಪಘಾತವನ್ನೂ ಮರೆವನ್ನೂ ಅಲ್ಲ. ಹೆಂಗಸು ಮಾತನಾಡುವಾಗ ಮುಖವೆತ್ತಿ ಕೇಳುವ ಗಂಡಸನ್ನು. ಚಳಿಯಾಗುತ್ತಿದೆಯೆ ಎಂದು ವಿಚಾರಿಸುವವನನ್ನು, ಕಣ್ಣೀರು ಹಾಕಲು ನಾಚದವನನ್ನು. ಇಷ್ಟು ಸಣ್ಣ ಸೌಜನ್ಯವನ್ನು ಕಾಣಲು ಅವರು ಅಷ್ಟು ದೊಡ್ಡ ಸುಳ್ಳುಕಥೆಯನ್ನು ಸಹಿಸಿದರೆಂದರೆ, ಅವರ ಮನೆಗಳ ವಾಸ್ತವವನ್ನು ಕುರಿತು ಆ ರಮ್ಯಕಥೆ ಎಷ್ಟೋ ವರದಿಗಳಿಗಿಂತ ಮಿಗಿಲಾಗಿ ಸಾಕ್ಷಿ ನುಡಿಯಿತು. ಕನಸೂ ಒಂದು ಅಹವಾಲು. ಅದನ್ನು ಓದಲು ಬಾರದವನು ಕನಸು ಕಾಣುವವರನ್ನು ಹಳಿಯುತ್ತಾನೆ.

ಈ ಧಾರಾವಾಹಿಯಿಂದ ಮತ್ತೊಂದು ಕೆಲಸವೂ ನಡೆಯಿತು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿ ನಲುಗಿತ್ತು. ಯುದ್ಧ ಮುಗಿದು ದಶಕಗಳು ಕಳೆದರೂ ಜಪಾನೀಯರಲ್ಲಿ ಅನೇಕರು ಕೊರಿಯನರನ್ನು ಕೀಳಾಗಿಯೇ ಕಾಣುತ್ತಿದ್ದರು. ಜಪಾನಿನ ಹಾಡು ಚಲನಚಿತ್ರಗಳಿಗೆ ಕೊರಿಯಾ ತನ್ನ ಬಾಗಿಲನ್ನು ಹಂತಹಂತವಾಗಿ ತೆರೆಯಲಾರಂಭಿಸಿದುದೂ 1998ರಲ್ಲಿಯೇ. ಅಂಥದರಲ್ಲಿ ಜಪಾನಿನ ಗೃಹಿಣಿಯರು ಕೊರಿಯನ್ ಭಾಷೆಯ ತರಗತಿಗಳಿಗೆ ಸೇರಿದರು, ಕಥೆಯಲ್ಲಿ ಕಂಡ ನಾಮಿ ದ್ವೀಪದ ಸಾಲುಮರಗಳ ಕೆಳಗೆ ನಡೆದಾಡಲು ತಂಡತಂಡವಾಗಿ ಹೋದರು. ಎರಡು ದೇಶಗಳ ವೈಮನಸ್ಯ ಅಳಿಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ನೆರೆಯವನ ಮುಖವನ್ನು ಪ್ರೀತಿಯಿಂದ ನೋಡುವ ಅಭ್ಯಾಸವೊಂದು ಆರಂಭವಾಯಿತೆಂದರೆ ತಪ್ಪಾಗದು.

ಹಾಗೆಂದು ಎಲ್ಲ ಕನಸುಗಳಿಗೂ ಈ ಮನ್ನಣೆ ಸಲ್ಲದು. ಜಪಾನಿನ ಯೋಕೊ ಕಾಮಿಯೊ 1992ರಿಂದ ಪತ್ರಿಕೆಯೊಂದರಲ್ಲಿ ಬರೆದ ‘ಹಾನಾ ಯೋರಿ ದಾಂಗೊ’ ಎಂಬ ಚಿತ್ರಕಥೆ ತೈವಾನಿನಲ್ಲಿ 2001ರಲ್ಲಿ, ಜಪಾನಿನಲ್ಲಿ 2005ರಲ್ಲಿ, ಕೊರಿಯಾದಲ್ಲಿ 2009ರಲ್ಲಿ, ಚೀನಾದಲ್ಲಿ 2018ರಲ್ಲಿ ಧಾರಾವಾಹಿಯಾಯಿತು. ತೈವಾನಿನ ಅವತರಣಿಕೆಯನ್ನು 2002ರಲ್ಲಿ ಚೀನಾ ಸರಕಾರ ತಡೆಹಿಡಿದುದೂ ಉಂಟು. ಶ್ರೀಮಂತರ ಶಾಲೆಗೆ ಸೇರಿದ ಬಡ ಹುಡುಗಿಯನ್ನು ಅಲ್ಲಿನ ಧನಿಕ ಯುವಕನೊಬ್ಬ ಮೊದಲು ಹಿಂಸಿಸುತ್ತಾನೆ, ಇಡೀ ಶಾಲೆಯನ್ನು ಅವಳ ಮೇಲೆ ಛೂ ಬಿಡುತ್ತಾನೆ, ಬಳಿಕ ಅವಳಿಗೇ ಮನಸೋಲುತ್ತಾನೆ. ಪ್ರೇಕ್ಷಕರು ಅವನ ಪಕ್ಷ ವಹಿಸುತ್ತಾರೆ. ಹುಡುಗಿಗೆ ದಿಟ್ಟತನವಿದೆ, ತಿರುಗಿ ಒದೆಯುವ ಗಟ್ಟಿತನವಿದೆ ಎಂಬುದನ್ನು ಒಪ್ಪಬೇಕು. ಆದರೂ ಮುಂಗೈ ಹಿಡಿದು ಎಳೆದೊಯ್ಯುವುದನ್ನು ಒಲವೆಂದೂ, ಬೇಡವೆಂದರೂ ಬೆನ್ನುಹತ್ತುವುದನ್ನು ನಿಷ್ಠೆಯೆಂದೂ ಹದಿನೈದರ ಮಗುವಿಗೆ ಕಲಿಸುವ ಕಥೆ ನಾಲ್ಕಲ್ಲ, ನಲವತ್ತು ದೇಶಗಳಲ್ಲಿ ಗೆದ್ದರೂ ಸುಳ್ಳುಕಥೆಯೇ. ಅಪಘಾತ, ಮರೆವುಗಳ ಸುಳ್ಳಿನಿಂದ ಯಾರಿಗೂ ಪೆಟ್ಟಾಗದು, ಇದರಿಂದ ಆಗುತ್ತದೆ. ಅಧ್ಯಾಪಕರು ಚಿಂತಿಸಬೇಕಾದುದು ಪರದೆಯ ಮೇಲಿನ ಅಪ್ಪುಗೆಯನ್ನು ಕಂಡಲ್ಲ, ಈ ಎಳೆದಾಟವನ್ನು ಕಂಡು.

ಪ್ರಣಯದ ವೆಚ್ಚವನ್ನು ಬಿಡಿಗಾಸಿನವರೆಗೆ ಬರೆದಿಟ್ಟ ಕಥೆ ಬೇಕಾದರೆ ನೆರೆಯ ಪಾಕಿಸ್ತಾನದ ‘ಜಿಂದಗಿ ಗುಲ್ಜಾರ್ ಹೈ’ ನೋಡಬೇಕು. ಲೇಖಕಿ ಉಮೇರಾ ಅಹ್ಮದ್ ಅವರ ಈ ಕೃತಿ 2012–13ರಲ್ಲಿ ಇಪ್ಪತ್ತಾರು ಕಂತುಗಳಲ್ಲಿ ಪಾಕಿಸ್ತಾನದಲ್ಲಿ ಪ್ರಸಾರವಾಗಿ, 2014ರಲ್ಲಿ ಭಾರತದ ವಾಹಿನಿಯೊಂದರಲ್ಲಿಯೂ ಬಂದಿತು. 2016ರಲ್ಲಿ ಎರಡು ದೇಶಗಳ ನಡುವೆ ಉದ್ವಿಗ್ನತೆ ಹೆಚ್ಚಿದಾಗ ಆ ವಾಹಿನಿ ಪಾಕಿಸ್ತಾನದ ಧಾರಾವಾಹಿಗಳನ್ನು ನಿಲ್ಲಿಸಿತು. ಅಷ್ಟರಲ್ಲಿ ನೋಡುವವರು ನೋಡಿಯಾಗಿತ್ತು. ಮೂರೂ ಹೆಣ್ಣುಮಕ್ಕಳೇ ಆದರೆಂಬ ಕಾರಣಕ್ಕೆ ಗಂಡ ಎರಡನೆಯ ಮದುವೆಯಾಗಿ ಬಿಟ್ಟುಹೋದ ರಾಫಿಯಾ ಶಾಲೆಯ ಮುಖ್ಯೋಪಾಧ್ಯಾಯಿನಿ. ಶಾಲೆಯ ಕೆಲಸ ಮುಗಿಸಿ, ಸಂಜೆ ಮನೆಪಾಠ ಹೇಳಿ ಮಕ್ಕಳನ್ನು ಓದಿಸುತ್ತಾಳೆ. ಹಿರಿಯ ಮಗಳು ಕಶಫ್ ವಿದ್ಯಾರ್ಥಿವೇತನದ ಬಲದಿಂದ ಸಿರಿವಂತರ ಮಕ್ಕಳ ವಿಶ್ವವಿದ್ಯಾನಿಲಯಕ್ಕೆ ಕಾಲಿಡುತ್ತಾಳೆ. ಅಲ್ಲಿ ಜರೂನ್ ಎಂಬ ಸಹಪಾಠಿ ಅವಳನ್ನು ಕೆಣಕುತ್ತಾನೆ. ‘ಹಾನಾ ಯೋರಿ ದಾಂಗೊ’ ಹಿಡಿದ ಹಾದಿಯೇ ಇದೂ ಆಗಬಹುದಾಗಿತ್ತು. ಆಗಲಿಲ್ಲ. ಕಶಫ್‌ಗೆ ಪ್ರೀತಿಸಲು ಪುರುಸೊತ್ತಿಲ್ಲ. ಅವಳ ತಲೆಯಲ್ಲಿ ಬಸ್ಸಿನ ದರ, ತಂಗಿಯರ ಶುಲ್ಕ, ತಾಯಿಯ ಕಾಲುನೋವು. ಗಂಡಸಿನ ಮಾತನ್ನು ನಂಬಿದರೆ ಗತಿಯೇನೆಂಬುದನ್ನು ಅವಳು ಹುಟ್ಟಿದಂದಿನಿಂದ ಮನೆಯಲ್ಲಿಯೇ ಕಂಡಿದ್ದಾಳೆ.

ಕಶಫ್ ಆಡಳಿತ ಸೇವೆಯ ಅಧಿಕಾರಿಯಾದ ಮೇಲೆ ಆಗುವ ಮದುವೆ, ಅದರ ಬಳಿಕದ ಕಂತುಗಳು ಈ ಕಥೆಯ ಪರೀಕ್ಷೆಯ ಕಾಲ. ಜರೂನ್ ಒಳ್ಳೆಯವನೇ, ಆದರೆ ಹೆಣ್ಣು ಹೀಗೆಯೇ ಇರಬೇಕೆಂಬ ಹಟವನ್ನು ಸಂಪೂರ್ಣವಾಗಿ ಬಿಟ್ಟವನಲ್ಲ. ಕಥೆ ಒಮ್ಮೊಮ್ಮೆ ಅವನ ಹಟದ ಕಡೆಗೇ ವಾಲುತ್ತದೆ; ದುಡಿಯುವ, ಸ್ವತಂತ್ರ ಮನಸ್ಸಿನ ಇತರ ಸ್ತ್ರೀಯರನ್ನು ಲೇಖಕಿ ಕಂಡಿರುವ ಬಗೆ ಉದಾರವಾದುದೆಂದು ಹೇಳಲಾಗದು. ಆದರೆ ಕೊನೆಯಲ್ಲಿ ಒಂದು ಸನ್ನಿವೇಶವಿದೆ. ಗಂಡನೊಡನೆ ಮುನಿದು ದೂರವಾಗಿದ್ದ ಕಶಫ್‌ಗೆ ಅವಳಿ ಮಕ್ಕಳು ಹುಟ್ಟುತ್ತವೆ, ಎರಡೂ ಹೆಣ್ಣು. ತಾಯಿಯ ಬಾಳನ್ನು ಒಡೆದ ಸುದ್ದಿ ಮಗಳ ಬಾಳಿಗೂ ಬಂದಿತು. ಜರೂನ್‌ಗೆ ಅದು ಸಂತಸದ ಸುದ್ದಿಯಾಗುತ್ತದೆ. ಇಪ್ಪತ್ತೈದು ಕಂತುಗಳ ಲೆಕ್ಕವನ್ನು ನೋಡುತ್ತ ಬಂದವರಿಗೆ ಈ ಸಣ್ಣ ಸಂತೋಷ ಎಷ್ಟು ಬೆಲೆಬಾಳುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯ ದುಡಿಮೆಯನ್ನು ಮೊದಲೇ ಕಾಣಿಸಿದ್ದರಿಂದ ಈ ಪ್ರಣಯಕ್ಕೆ ತೂಕ ಬಂದಿತು.

ಪ್ರೀತಿಗೆ ಹಣದ ಅಡ್ಡಿಯಂತೆ ಕುಲದ ಅಡ್ಡಿಯೂ ಇದೆ. 2015ರ ನವೆಂಬರಿನಿಂದ 2016ರ ಜನವರಿವರೆಗೆ ಕೊರಿಯಾದಲ್ಲಿ ಪ್ರಸಾರವಾದ ‘ರಿಪ್ಲೈ 1988’ ಸೋಲ್ ನಗರದ ಒಂದು ಓಣಿಯ ಐದು ಕುಟುಂಬಗಳ ಕಥೆ. ಸ್ನೇಹಿತನ ಸಾಲಕ್ಕೆ ಜಾಮೀನು ನಿಂತು ಕೈಸುಟ್ಟುಕೊಂಡ ಬ್ಯಾಂಕ್ ನೌಕರನೊಬ್ಬ ಸಂಸಾರ ಸಮೇತ ಅರೆ ನೆಲಮಾಳಿಗೆಯಲ್ಲಿ ಬಾಡಿಗೆಗಿರುತ್ತಾನೆ. ಓಣಿಯ ತಾಯಂದಿರು ಸಂಜೆ ಪಲ್ಯದ ಬಟ್ಟಲುಗಳನ್ನು ಮನೆಯಿಂದ ಮನೆಗೆ ಕಳುಹಿಸುತ್ತಾರೆ. ಆ ನೌಕರನ ಹಿರಿಯ ಮಗಳು ಎದುರುಮನೆಯ ಹುಡುಗನಿಗೆ ಒಲಿಯುತ್ತಾಳೆ. ಇಬ್ಬರ ಕುಲನಾಮವೂ ಮೂಲಸ್ಥಾನವೂ ಒಂದೇ. ಗೋತ್ರ, ಬೆಡಗು ವಿಚಾರಿಸಿ ಸಂಬಂಧ ಬೆಳೆಸುವ ಮನೆಗಳಲ್ಲಿ ಬೆಳೆದ ಕನ್ನಡಿಗರು ಇಲ್ಲಿ ನೆಟ್ಟಗೆ ಕುಳಿತುಕೊಳ್ಳುತ್ತಾರೆ. ಲೇಖಕಿ ಇದನ್ನು ಕಥೆಯ ತಿರುವಿಗಾಗಿ ಹೊಸೆದುದಲ್ಲ. ಒಂದೇ ಕುಲನಾಮ, ಒಂದೇ ಮೂಲದವರು ಮದುವೆಯಾಗಬಾರದೆಂದು ಕೊರಿಯಾದ ಸಿವಿಲ್ ಸಂಹಿತೆಯ 809ನೆಯ ವಿಧಿಯೇ ನಿಷೇಧಿಸಿತ್ತು. ಲಕ್ಷಾಂತರ ಜನರಿರುವ ಕುಲಗಳಲ್ಲಿ ಎಷ್ಟೋ ಜೋಡಿಗಳು ನೋಂದಣಿಯಿಲ್ಲದೆ ಬಾಳಬೇಕಾಗಿತ್ತು. ಅಲ್ಲಿನ ಸಂವಿಧಾನ ನ್ಯಾಯಾಲಯ 1997ರಲ್ಲಿ ಆ ನಿಷೇಧವನ್ನು ಅಸಾಂವಿಧಾನಿಕವೆಂದು ಸಾರಿತು; 2005ರಲ್ಲಿ ಶಾಸನ ತಿದ್ದುಪಡಿಯಾಯಿತು. ಭಾರತದಲ್ಲಿ ಸಗೋತ್ರ ವಿವಾಹಕ್ಕಿದ್ದ ಕಾನೂನಿನ ಅಡ್ಡಿ 1946ರ ಶಾಸನದಿಂದಲೇ ತೊಲಗಿತ್ತು. ಮನೆಯೊಳಗಣ ಅಡ್ಡಿಯೂ ತೊಲಗಿತೆಂದು ಹೇಳುವವರು ಯಾರು?

ಕೆಲವೊಮ್ಮೆ ಅತ್ಯಂತ ಅಸಂಭವವಾದ ಕಥೆಯೇ ಅತ್ಯಂತ ಎಚ್ಚರದ ವಿವರಗಳನ್ನು ಹೊತ್ತು ತರುತ್ತದೆಂಬುದನ್ನೂ ಇಲ್ಲಿ ಹೇಳಿಬಿಡಬೇಕು. 2019–20ರ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ದಲ್ಲಿ ದಕ್ಷಿಣ ಕೊರಿಯಾದ ಶ್ರೀಮಂತ ಯುವತಿ ಗಾಳಿಯಲ್ಲಿ ತೇಲುತ್ತ ಗಡಿ ದಾಟಿ ಉತ್ತರ ಕೊರಿಯಾದ ಸೇನಾಧಿಕಾರಿಯ ಎದುರಿಗೇ ಬೀಳುತ್ತಾಳೆ. ಮಕ್ಕಳೂ ನಂಬಲಾರರು. ಆದರೆ ಉತ್ತರದ ಹಳ್ಳಿಯ ವಿದ್ಯುತ್ ಕಡಿತ, ನೆರೆಹೊರೆಯ ಹೆಂಗಸರ ಹರಟೆ, ಸಂತೆಯ ಗುಟ್ಟಿನ ಸರಕು, ಕದ್ದು ಕೇಳುವ ಕೆಲಸಕ್ಕೆ ನೇಮಕಗೊಂಡವನ ಪಾಪಪ್ರಜ್ಞೆ ಇವೆಲ್ಲವನ್ನೂ ಅಲ್ಲಿಂದ ತಪ್ಪಿಸಿಕೊಂಡು ಬಂದವರ ನೆರವಿನಿಂದ ಚಿತ್ರಿಸಿದ್ದಾರೆ. ಅಂತ್ಯದಲ್ಲಿಯೂ ಕಥೆ ಗಡಿಯನ್ನು ಅಳಿಸಲಿಲ್ಲ; ಪ್ರೇಮಿಗಳಿಗೆ ಮೂರನೆಯ ದೇಶದಲ್ಲಿ ವರ್ಷಕ್ಕೆ ಎರಡು ವಾರ ಮಾತ್ರ ದಕ್ಕಿತು.

ಪ್ರಣಯವೂ ವಾಸ್ತವವೂ ಒಂದೇ ಸೂರಿನಡಿ ಬಾಳುವುದನ್ನು ನೋಡಬೇಕೆನ್ನುವವರಿಗೆ 2025ರ ಮಾರ್ಚ್ ತಿಂಗಳಲ್ಲಿ ಬಂದ ಹದಿನಾರು ಕಂತುಗಳ ಕೊರಿಯನ್ ಧಾರಾವಾಹಿಯೊಂದಿದೆ. ಜೇಜು ದ್ವೀಪದ ಆಡುನುಡಿಯಲ್ಲಿರುವ ಅದರ ಹೆಸರು ‘ಪೊಕ್ಸಕ್ ಸೊಗಸ್ಸುದಾ’. ಬಹಳ ದಣಿದಿರಿ, ಬಹಳ ದುಡಿದಿರಿ ಎಂದು ಕೃತಜ್ಞತೆಯಿಂದ ಹೇಳುವ ಮಾತು. ಪ್ರೇಮಕಥೆಗೆ ಇಂಥ ಹೆಸರಿಡಲು ಎದೆಗಾರಿಕೆ ಬೇಕು. ಉಸಿರು ಬಿಗಿಹಿಡಿದು ಕಡಲ ತಳಕ್ಕಿಳಿದು ಚಿಪ್ಪುಜೀವಿಗಳನ್ನು ಆಯ್ದು ಸಂಸಾರ ಸಾಕುವ ಸ್ತ್ರೀಯರು ಆ ದ್ವೀಪದಲ್ಲಿದ್ದಾರೆ. ಹೆನ್ಯೋ ಎಂದು ಅವರ ಹೆಸರು. ಅಂಥ ತಾಯಿ ಇಪ್ಪತ್ತೊಂಬತ್ತಕ್ಕೇ ತೀರಿಕೊಂಡ ಮೇಲೆ ಅನಾಥಳಾದ ಎ-ಸುನ್‌ಗೆ ಕವಯಿತ್ರಿಯಾಗುವ ಹಂಬಲ. ಮೀನು ಮಾರುವ ಮನೆಯ ಗ್ವಾನ್-ಸಿಕ್‌ಗೆ ಬೇರೆ ಹಂಬಲವಿಲ್ಲ. ಅವಳು ಅಳಬಾರದು, ಅಷ್ಟೆ. ಅವನು ಮಾತುಗಾರನಲ್ಲ. ದೋಣಿ ನಡೆಸುತ್ತಾನೆ, ಬಲೆ ಎಳೆಯುತ್ತಾನೆ, ಸಂಪಾದನೆಯನ್ನು ತಂದು ಹೆಂಡತಿಯ ಕೈಗಿಡುತ್ತಾನೆ. ಬಿರುಗಾಳಿಯ ದಿನ ಕಿರಿಯ ಮಗನನ್ನು ಕಳೆದುಕೊಂಡ ಆಘಾತವನ್ನು ಇಬ್ಬರೂ ಬದುಕಿರುವತನಕ ಎದೆಯಲ್ಲಿ ಹೊತ್ತು ನಡೆಯುತ್ತಾರೆ. ಎ-ಸುನ್ ವಿಶ್ವವಿದ್ಯಾನಿಲಯಕ್ಕೆ ಹೋಗಲಾಗಲಿಲ್ಲ; ಮಗಳು ಹೋದಳು.

ಈ ಕಥೆಯಲ್ಲಿ ಮದುವೆಯಾದ ಹೊಸತರ ಒಂದು ದೃಶ್ಯ. ಗ್ವಾನ್-ಸಿಕ್‌ನ ಮನೆಯಲ್ಲಿ ಗಂಡಸರೂ ಹಿರಿಯರೂ ದೊಡ್ಡ ಊಟದ ಮಣೆಯ ಸುತ್ತ ಕೂಡುತ್ತಾರೆ. ಸೊಸೆಯ ಊಟ ಪಕ್ಕದಲ್ಲಿ, ಹೆಂಗಸರ ಪಾಲಿನ ಬೇರೆ ಮಣೆಯಲ್ಲಿ. ಗ್ವಾನ್-ಸಿಕ್ ವಾದ ಹೂಡುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಕುಳಿತಲ್ಲಿಯೇ ಹಿರಿಯರ ಮಣೆಗೆ ಬೆನ್ನು ಮಾಡಿ, ಹೆಂಡತಿಯ ಕಡೆಗೆ ತಿರುಗಿ, ಅವಳ ಮಣೆಯಲ್ಲಿ ಉಣ್ಣತೊಡಗುತ್ತಾನೆ. ಸಾಗಾದ ಮನೆಯಲ್ಲಿ ರ್ಯೂಜೊ ಮಾಡಲಾರದೆ ಹೋದುದು ಇಷ್ಟೇ. ದಶಕಗಳು ಉರುಳಿ ಮಗಳು ಗೂಮ್-ಮ್ಯೋಂಗ್ ಸಿರಿವಂತರ ಮನೆಯ ಹುಡುಗನನ್ನು ಮೆಚ್ಚಿ ಮದುವೆ ನಿಶ್ಚಯವಾಗುವ ಹೊತ್ತಿಗೆ ಮತ್ತೆ ಊಟದ ಮಣೆಯ ಪ್ರಶ್ನೆ ಬರುತ್ತದೆ. ಬೀಗರ ಎದುರಿಗೇ ಭಾವಿ ಅತ್ತೆ ಅವಳನ್ನು ಸೊಸೆಯ ಚಾಕರಿಗೆ ಅಣಿಮಾಡಹೊರಡುತ್ತಾಳೆ. ಹುಡುಗ ಒಳ್ಳೆಯವನು, ಅವಳನ್ನು ಮನಸಾರೆ ಪ್ರೀತಿಸಿದವನು, ತಾಯಿಯೆದುರು ಬಾಯಿ ಬಾರದವನು. ಗೂಮ್-ಮ್ಯೋಂಗ್ ಅವನನ್ನು ಬಿಟ್ಟು ತನ್ನ ದಾರಿ ಹಿಡಿಯುತ್ತಾಳೆ. ಅಪ್ಪ ಯಾವ ಕಡೆಗೆ ತಿರುಗಿ ಉಣ್ಣುತ್ತಿದ್ದನೆಂಬುದನ್ನು ನೋಡುತ್ತ ಬೆಳೆದವಳು ಅವಳು.